ಆವಲಮ್ಮನ ಗೋಡೆಗೆ ಅಂಟಿಸಿದ ಮೂರು ಚೀಟಿ

೭-೧-೧೯೭೯, ಭಾನುವಾರ, ನಂಗಲಿ

ಮುದ್ದೆಗೆ ಎಸರಿಟ್ಟು ಬಂದು ಕೂತಿದ್ದೇನೆ. ಕರಾರುಪತ್ರದ ಫೇರ್ ಕಾಪಿ ಮುಗಿಯಿತು. ಹನ್ನೊಂದು ಷರತ್ತು. ಯಜಮಾನರು ಓದಿ, “ಲೇ ಶ್ಯಾಮಲಾ, ಇದು ಬಂಡೆ ಒಡೆಸೋ ಕಂಟ್ರಾಕ್ಟಾ, ದೇಶ ಭಾಗ ಮಾಡೋ ಪತ್ರಾನಾ?” ಅಂದರು. ನಗಲಿ. ಸೈಟು ನನ್ನ ಹೆಸರಲ್ಲಿದೆ. ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ನನ್ನ ಅಕ್ಷರ ನೋಡಿ ಹೊಗಳಿ ಹೋಗುತ್ತಾರೆ, ಇವರಿಗೇನು ಗೊತ್ತು.

ಸೈಟಿನ ನಟ್ಟನಡುವೆ ಆ ಬಂಡೆ. ಎರಡಾಳು ಎತ್ತರ. ಅದು ಹೋಗದೆ ಪಾಯ ತೆಗೆಯುವಂತಿಲ್ಲ. ಐದಡಿ ಆಚೆ ಆವಲಮ್ಮನ ಮನೆ, ಕಲ್ಲು-ಮಣ್ಣಿನ ಹಳೇ ಗೋಡೆ. ಸಿಡಿಮದ್ದಿಟ್ಟರೆ ಗೋಡೆ ಕೂತುಹೋಗುತ್ತದೆ. ಅದಕ್ಕೇ ಏಳನೇ ಷರತ್ತು: ಮದ್ದು ಹಾಕಕೂಡದು; ನೆರೆಮನೆಯ ಗೋಡೆ ಕೂದಲೆಳೆಯಷ್ಟು ಬಿರಿದರೂ ಕಂಟ್ರಾಕ್ಟರು ಅದನ್ನು ಬಿಚ್ಚಿ, ಹೊಸದಾಗಿ ಕಟ್ಟಿಕೊಡತಕ್ಕದ್ದು.

೯-೧

ಮೇಸ್ತ್ರಿ ಮುನಿಯಲ್ಲಪ್ಪ ಬಂದಿದ್ದ. ಒಣಕಲು ಆಳು, ಕಿವಿಯಲ್ಲಿ ಅರ್ಧ ಬೀಡಿ. ಮನೆ ಪಕ್ಕದ ಬಂಡೆ ಅಂದರೆ ಮುಳಬಾಗಿಲವರೆಗೂ ಇವನನ್ನೇ ಕರೆಯುತ್ತಾರಂತೆ. ಈವರೆಗೆ ಒಂದು ಗೋಡೆಯನ್ನೂ ಬಿರಿಸಿಲ್ಲವಂತೆ. ಓದು ಬರುವುದಿಲ್ಲ. ಹನ್ನೊಂದೂ ಓದಿ ಹೇಳಿದೆ. ಏಳನೆಯದನ್ನು ಎರಡು ಸಲ ಓದಿಸಿಕೊಂಡ.

“ಗೋಡೆ ಬಿರಿದದೋ ಇಲ್ವೋ ಅಂತ ಯಾರು ಹೇಳ್ತಾರೆ ಟೀಚರಮ್ಮ?”

“ಕಾಗದ ಹೇಳುತ್ತೆ.”

“ಆಯ್ತು ಬಿಡಿ” ಅಂದು ಹೆಬ್ಬೆಟ್ಟು ಒತ್ತಿದ. ನಾನು ಪೂರ್ತಿ ಸಹಿ ಹಾಕಿದೆ.

೧೩-೧, ಶನಿವಾರ

ಮಾರ್ನಿಂಗ್ ಸ್ಕೂಲ್. ಮಧ್ಯಾಹ್ನ ಆವಲಮ್ಮನ ಮನೆಯೊಳಗೆ ಹೋಗಿ ಗೋಡೆ ನೋಡಿದೆ. ಹಳೇ ಬಿರುಕು ಮೂರು, ಮೇಲೆ ಮೆತ್ತಿದ ಮಣ್ಣಿನಲ್ಲಿ. ಪ್ರತಿಯೊಂದರ ಮೇಲೂ ಅಡ್ಡಡ್ಡಲಾಗಿ ಕಾಪಿ ಪುಸ್ತಕದ ಚೀಟಿ ಅಂಟಿಸಿದೆ, ತಾರೀಖು ಹಾಕಿ. ಬಿರುಕು ಬೆಳೆದರೆ ಚೀಟಿ ಹರಿಯುತ್ತದೆ. ಓವರ್‌ಸಿಯರ್ ಒಬ್ಬರು ಸೇತುವೆಗೆ ಹೀಗೆ ಮಾಡಿದ್ದನ್ನು ನೋಡಿದ್ದೆ. ಮನೆಯಲ್ಲಿ ಮೈದಾ ಇರಲಿಲ್ಲ. ರಾಗಿ ಹಿಟ್ಟಿನ ಗಂಜಿ ಕಾಯಿಸಿದೆ, ಬಿಗಿಯಾಗಿ ಹಿಡಿಯಿತು. ಉಳಿದ ಅಂಟಿನಲ್ಲಿ ಸಂಜೆ ಶಾಲೆಯ ಚಾರ್ಟುಗಳನ್ನೂ ಅಂಟಿಸಿ ಬಂದೆ.

ಆವಲಮ್ಮನ ಬಾಯಿ ಸುಮ್ಮನಿರುತ್ತದೆಯೇ. “ಏನಮ್ಮಾ, ನನ್ನ ಗೋಡೆಗೆ ಜ್ವರ ಬಂದದಾ, ಪಟ್ಟಿ ಹಾಕ್ತೀಯ?”

೧೮-೧

ಮೂರು ದಿನದಿಂದ ಮೈ ಉರಿಯುತ್ತಿದೆ. ಒಂದು ಚೂರು ಕಲ್ಲೂ ಎದ್ದಿಲ್ಲ! ಮೇಸ್ತ್ರಿ ಬಂಡೆಯ ಸುತ್ತ ಸುತ್ತುತ್ತಾನೆ. ಚಿಕ್ಕ ಸುತ್ತಿಗೆಯಲ್ಲಿ ಟಕ್ ಅನ್ನಿಸುತ್ತಾನೆ, ಕಿವಿ ಇಡುತ್ತಾನೆ. ಆಮೇಲೆ ಬೀಡಿ. ಆಮೇಲೆ ಮತ್ತೆ ಟಕ್.

“ಇದೇನ್ ಬಂಡೆ ಒಡೆಯೋದಾ, ಹೆಣ್ಣು ನೋಡೋದಾ?” ಅಂತ ಕೇಳಿಯೇಬಿಟ್ಟೆ.

“ಸಂತೇಲಿ ಮಡಕೆ ತಟ್ಟದೆ ತಗೊಂತೀರಾ ಟೀಚರಮ್ಮ? ಗಟ್ಟಿ ಇರೋದು ಒಂದೇ ದನಿ ಕೊಡ್ತದೆ. ಬಿರುಕು ಇದ್ರೆ ಎರಡು ದನಿ. ರಾಯಿ ಮಾಟ್ಲಾಡ್ತುಂದಿ. ಕಲ್ಲು ಮಾತಾಡ್ತದೆ, ನಾವು ಬಾಯಿ ಮುಚ್ಕೊಂಡಿರ್ಬೇಕು.”

ನನಗೇ ಅಂದದ್ದು. ಬಾಯಿ ಮುಚ್ಚಿಕೊಂಡು ಬಂದೆ.

೨೧-೧, ಭಾನುವಾರ, ಮಧ್ಯಾಹ್ನ ೨ ಗಂಟೆ

ಇನ್ನೂ ಊಟ ಆಗಿಲ್ಲ. ಆದರೂ ಬರೆಯಬೇಕು.

ಬೆಳಗ್ಗೆ ಹೋದಾಗ ಬಂಡೆಯ ನೆತ್ತಿಯ ಮೇಲೆ ಕೆಂಪು ಜಾಜಿನ ಗೆರೆ ಎಳೆದಿತ್ತು. ಗೆರೆಯುದ್ದಕ್ಕೂ ಗೇಣಿಗೊಂದು ಗುಳಿ, ಗುಳಿಗೊಂದು ಕಬ್ಬಿಣದ ಬೆಣೆ. ಹತ್ತೊಂಬತ್ತು. ಮುನಿಯಲ್ಲಪ್ಪ ಚಪ್ಪಲಿ ಬಿಟ್ಟು ಹತ್ತಿದ. ಮೊದಲ ಬೆಣೆಗೆ ಒಂದು ಪೆಟ್ಟು, ಎರಡನೆಯದಕ್ಕೆ ಒಂದು, ಹಾಗೇ ಕೊನೆಯವರೆಗೆ. ಮತ್ತೆ ಮೊದಲಿಂದ. ಜೋರಾಗಿ ಹೊಡೆಯುವುದೇ ಇಲ್ಲ! ಒಂದೊಂದು ಸುತ್ತಿಗೂ ದನಿ ಸಣ್ಣದಾಗುತ್ತಾ ಬಂತು. ಐದನೇ ಸುತ್ತು ಮುಗಿದಾಗ ಕೈ ಎತ್ತಿ ನಿಂತ. ಹಾಗೇ ಇಳಿದು ಬಂದ.

“ಯಾಕೋ, ಆಗ್ಲಿಲ್ವಾ?” ಅಂದೆ.

“ಆಯ್ತು. ಅದೇ ಬಿಟ್ಕೊಂತದೆ. ಇರಿ.”

ಇದ್ದೆವು. ಆವಲಮ್ಮ ಸಗಣಿ ಕೈಯಲ್ಲೇ ನಿಂತಿದ್ದಳು. ಆಮೇಲೆ... ಒಳಗಿನಿಂದ ಒಂದು ನಿಟ್ಟುಸಿರು. ಸಿಡಿತ ಅಲ್ಲ, ಶಬ್ದವೂ ಅಲ್ಲ, ನಿಟ್ಟುಸಿರೇ. ಜಾಜಿನ ಗೆರೆ ನೋಡನೋಡುತ್ತಾ ಕಪ್ಪಾಯಿತು. ಅಷ್ಟು ದೊಡ್ಡ ಬಂಡೆ ಎರಡು ಹೋಳಾಗಿ, ಬೆರಳು ತೂರುವಷ್ಟು ಸರಿದು ನಿಂತುಕೊಂಡಿತು. ಒಳಮೈ ನೋಡಿದೆ. ಹಾಲಿನಂತೆ ಬೆಳ್ಳಗೆ, ಮಿಣಮಿಣ ಅನ್ನುತ್ತಿತ್ತು. ಭೂಮಿ ಹುಟ್ಟಿದಂದಿನಿಂದ ಯಾರೂ ಕಂಡಿಲ್ಲದ ಜಾಗ. ಮೊದಲು ಕಂಡವರು ನಾವು ಮೂವರು. ಅಂಗೈ ಇಟ್ಟೆ, ತಣ್ಣಗಿತ್ತು. ಅಳು ಬಂತು, ಯಾಕೋ ಗೊತ್ತಿಲ್ಲ. ಅಪ್ಪಾ ದೇವರೇ, ಏನು ಮನುಷ್ಯ ಅವನು!

೨೨-೧

ಛೆ. ಚೀಟಿ ಹರಿದಿವೆ. ಮೂರೂ.

ಸ್ಕೂಲಿಗೆ ಹೋಗುವ ಮುಂಚೆ ನೋಡಿದೆ. ಬಿರುಕಿನ ನೇರಕ್ಕೇ ಎರಡು ತುಂಡು. ನಿನ್ನೆ ಅವನಿಗೆ ಕೈ ಮುಗಿಯುವುದೊಂದು ಬಾಕಿ ಇತ್ತು... ಮೋಸ ಹೋದೆ ಅನ್ನಿಸಿ ಸಿಟ್ಟು ನೆತ್ತಿಗೇರಿತು. ನಾಲ್ಕು ಜನರೆದುರಿಗೇ ಏಳನೇ ಷರತ್ತು ಓದಿದೆ. ಅವನು ಒಳಗೆ ಹೋಗಿ ಗೋಡೆ ತಟ್ಟಿದ, ಮೂರು ಕಡೆ.

“ಒಂದೇ ದನಿ ಟೀಚರಮ್ಮ. ಗೋಡೆಗೆ ಏನೂ ಆಗಿಲ್ಲ.”

“ದನಿಗಿನಿ ನಂಗೆ ಗೊತ್ತಿಲ್ಲ. ಕಾಗದ ಹರಿದಿದೆ.”

ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಹಂಗಾದ್ರೆ ಬಿಚ್ತೀನಿ. ಹೆಬ್ಬೆಟ್ಟು ಒತ್ತಿದೀನಲ್ಲ.”

೨೪-೧

ಯಜಮಾನರು ಹೇಳಿದರು: ಮುನಿಯಲ್ಲಪ್ಪ ಗೋಡೆ ಬಿರಿಸಿದ ಅಂತ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲೆಲ್ಲ ಮಾತಂತೆ. ಬೈರಕೂರಿನಲ್ಲಿ ಒಪ್ಪಿಕೊಂಡಿದ್ದ ಎರಡು ಕೆಲಸ ಕೈತಪ್ಪಿತಂತೆ. ನಾನೇನು ಮಾಡಲಿ? ಕಾಗದ ಸುಳ್ಳು ಹೇಳುತ್ತದೆಯೇ?

೨೫-೧, ಗುರುವಾರ, ಸಂಜೆ

ಹೇಳುತ್ತದೆ.

ನಾಳೆ ಧ್ವಜವಂದನೆ ಅಂತ ಮಧ್ಯಾಹ್ನ ತರಗತಿ ಗುಡಿಸುತ್ತಿದ್ದೆ. ಹದಿಮೂರನೇ ತಾರೀಖು ಅಂಟಿಸಿದ ಚಾರ್ಟುಗಳು ಕಣ್ಣಿಗೆ ಬಿದ್ದವು. ‘ಪಾಲಿಸಬೇಕಾದ ನಿಯಮಗಳು’ ನಡುವೆಯೇ ಹರಿದು ಜೋತಾಡುತ್ತಿದೆ. ಶಾಲೆಯ ಹತ್ತಿರ ಯಾವ ಬಂಡೆ ಒಡೆದಿದ್ದರು? ಎಳೆದೆ. ಹಿಂದಿನಿಂದ ಪಳಪಳ ಜಿರಲೆ! ರಾಗಿ ಗಂಜಿ ಹತ್ತಿದಲ್ಲೆಲ್ಲ ತಿಂದು ಕಾಗದ ಜರಡಿ ಮಾಡಿವೆ. ಆವಲಮ್ಮನ ಗೋಡೆಯಲ್ಲೂ ಇವೇ: ಬಿರುಕಿನಲ್ಲಿ ಮನೆ ಮಾಡಿಕೊಂಡು, ಬಾಗಿಲಲ್ಲೇ ಊಟ. ಮುದ್ದೆ ತಿನ್ನುವ ಊರಲ್ಲಿ ಹುಟ್ಟಿ, ರಾಗಿ ಯಾರು ಬಿಡುತ್ತಾರೆ ಅನ್ನುವ ಬುದ್ಧಿ ಬೇಡವೇ ನನಗೆ?

ಗಂಟೆ ಹೊಡೆಸಿ ಓಡಿದೆ. ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡೇ ಓಡಿದೆ.

ಮುನಿಯಲ್ಲಪ್ಪ ಗೋಡೆಯ ಮೇಲಿದ್ದ. ಎರಡು ವರಸೆ ಕಲ್ಲು ಬಿಚ್ಚಾಗಿತ್ತು. ಆವಲಮ್ಮ ಕೆಳಗೆ ನಿಂತು, “ವದ್ದು ಕಣೋ ನಾಯ್ನಾ, ಬೇಡ ಕಣೋ, ಒಳ್ಳೇ ಗೋಡೆ” ಅಂತ ಗೋಗರೆಯುತ್ತಿದ್ದಳು.

“ನಿಲ್ಸು!” ಅಂದೆ. ಏದುಸಿರು ಬಿಡುತ್ತಿದ್ದೆ. “ಗೋಡೆ ಬಿರಿದಿಲ್ಲ. ಜಿರಲೆ ತಿಂದಿದ್ದು. ತಪ್ಪು ನಂದು.”

ಬಯ್ಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೀಡಿ ಹಚ್ಚಿದ.

“ಹೆಸರು ಹೋಯ್ತಲ್ಲ ಟೀಚರಮ್ಮ. ಗೋಡೆ ಕಟ್ಬೋದು.”

ನಾಚಿಕೆಯಿಂದ ಹಿಡಿಯಷ್ಟಾದೆ. ಟೀ ಅಂಗಡಿಯ ಮುಂದೆ ನಿಂತು ನಾನೇ ಹೇಳುತ್ತೇನೆ, ಬೈರಕೂರಿಗೂ ಹೋಗುತ್ತೇನೆ ಅಂದೆ. ಸೆರಗು ಕಟ್ಟಿ ಮಣ್ಣಿನ ಮಂಕರಿ ಎತ್ತಿಕೊಟ್ಟೆ. ಬೇಡ ಅನ್ನಲಿಲ್ಲ. ಕತ್ತಲಾಗುವಷ್ಟರಲ್ಲಿ ಎರಡು ವರಸೆಯೂ ಕೂತವು. ಸುತ್ತಿಗೆಯನ್ನು ನನ್ನ ಕೈಗಿಟ್ಟ, ಟಕ್ ಅನ್ನಿಸಿ ಕಿವಿ ಇಡುವ ಆ ಚಿಕ್ಕದನ್ನು!

“ಮಣ್ಣು ಹಸಿ ಅದೆ. ಹತ್ತು ದಿನ ಬಿಟ್ಟು ನೀವೇ ತಟ್ಟಿ. ಒಂದೇ ದನಿ ಬಂದ್ರೆ ಕಾಗದದಾಗೆ ಬರ್ದುಕೊಡಿ. ನಾನು ಬರಲ್ಲ.”

“ನಂಗೆ ಕೇಳ್ಸುತ್ತಾ?”

“ಬಾಯಿ ಮುಚ್ಕೊಂಡಿದ್ರೆ ಕೇಳ್ಸುತ್ತೆ.”

೪-೨, ಭಾನುವಾರ

ಟೀ ಅಂಗಡಿಯಲ್ಲಿ ಹೇಳಿದೆ. ನಕ್ಕರು, ನಗಲಿ. ಬೈರಕೂರಿಗೂ ಹೋಗಿ ಬಂದೆ. ಒಂದು ಕೆಲಸ ವಾಪಸ್ ಬಂದಿದೆ. ಇನ್ನೊಬ್ಬರು, “ಗೋಡೆ ಗಟ್ಟಿ ಅಂತ ನೀವು ಬರೆದು ಕಳ್ಸಿ, ಆಮೇಲೆ ನೋಡೋಣ” ಅಂದಿದ್ದಾರೆ.

ಬೆಳಗ್ಗೆ ಆವಲಮ್ಮನ ಮನೆಗೆ ಹೋದೆ. ಕಣ್ಣು ಮುಚ್ಚಿ ತಟ್ಟಿದೆ. ಏನೂ ತಿಳಿಯಲಿಲ್ಲ. ಮತ್ತೆ ತಟ್ಟಿದೆ. ಆವಲಮ್ಮ ಏನೋ ಅನ್ನಲು ಹೋದಳು, ಕೈ ಅಡ್ಡ ಹಿಡಿದೆ. ಮೇಲೆ, ನಡುವೆ, ಬುಡದಲ್ಲಿ. ಹೊಸದು ಯಾವುದು, ಹಳೆಯದು ಯಾವುದು... ಕೇಳಿಸಿತು! ನಿಜವಾಗಿ ಕೇಳಿಸಿತು. ಈ ಮೂಲೆಯಿಂದ ಆ ಮೂಲೆಗೆ ಒಂದೇ ದನಿ.

ಈಗ ಪತ್ರ ಬರೆಯಲು ಕೂತಿದ್ದೇನೆ. ‘ಗೋಡೆ ಭದ್ರವಾಗಿದೆ’ ಅಂತ ದುಂಡಗೆ ಬರೆದದ್ದಾಯಿತು. ಕೆಳಗೆ ‘ಆಧಾರ’ ಅಂತ ಬರೆದು ಪೆನ್ನು ನಿಂತಿದೆ. ನನ್ನ ಕಿವಿ ಅಂತ ಬರೆದರೆ ಯಾರು ನಂಬುತ್ತಾರೆ? ಮೊನ್ನೆಯವರೆಗೆ ನಾನೇ ನಂಬುತ್ತಿರಲಿಲ್ಲ. ಆದರೂ ಅದನ್ನೇ ಬರೆದು, ಪೂರ್ತಿ ಸಹಿ ಹಾಕಿದೆ.