ನೀನು ಆಮೆನ್ ಎಂದ ಹರಕೆ

ಮನೆಯಿಂದ,
ತಪಸ್ಸುಕಾಲದ ಇಪ್ಪತ್ತಾರನೆಯ ದಿನ, ಸಂಜೆ ಆರೂ ಮುಕ್ಕಾಲು

ಪ್ರೀತಿಯ ಅಣ್ಣಾ,

ಪುಟ್ಟಿ ತನ್ನ ಮುಷ್ಟಿಯನ್ನೇ ಚೀಪುತ್ತಿರುವ ಸದ್ದಿಗೆ ಈಗಷ್ಟೇ ಎಚ್ಚರವಾಯಿತು. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಲ್ಲೇ ಕಣ್ಣು ಹತ್ತಿಬಿಟ್ಟಿತ್ತು. ನಿನ್ನ ಮೊಣಕಾಲು ನೋವು ಹೇಗಿದೆ? ಆ ಕಲ್ಲಿನ ನೆಲದ ಮೇಲೆ ಮಂಡಿಯೂರುವಾಗ ಕೆಳಗೊಂದು ದಿಂಬು ಹಾಕಿಕೋ. ದೇವರು ದಿಂಬಿನ ಲೆಕ್ಕ ಇಡುವುದಿಲ್ಲ ಎಂದು ಅಮ್ಮನಿಗೆ ನೀನೇ ಹೇಳುತ್ತಿದ್ದೆಯಲ್ಲ. ನನ್ನ ಲೆಕ್ಕ ಮಾತ್ರ ಬಿಡದೆ ಇಡುತ್ತಿದ್ದಾನೆ ಅನ್ನಿಸುತ್ತದೆ.

ನಿಮ್ಮ ಧ್ಯಾನಮಂದಿರಕ್ಕೆ ಎರಡು ಸಲ ಫೋನ್ ಮಾಡಿದೆ. ಗೇಟಿನವನು, "ಫಾದರ್ ಮೌನದಲ್ಲಿದ್ದಾರೆ ಕಣಮ್ಮಾ, ಈಸ್ಟರ್ ಆದ್ಮೇಲೆ ಮಾಡಿ" ಎಂದು ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ಕೆಳಗಿನ ಮನೆಯ ಬ್ರೆಡ್ ವ್ಯಾನಿನ ಡ್ರೈವರ್ ರಾತ್ರಿ ಒಂಬತ್ತಕ್ಕೆ ನಿಮ್ಮ ಕಡೆ ಹೊರಡುತ್ತಾರೆ. ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ.

ಆಸ್ಪತ್ರೆಯ ಆ ದಿನ ನೆನಪಿದೆಯಾ? ಬೂದಿ ಬುಧವಾರ, ತಪಸ್ಸುಕಾಲದ ಮೊದಲ ದಿನ. ಪುಟ್ಟಿಯ ಮೈ ಕೆಂಡವಾಗಿತ್ತು. ನಿನ್ನ ಹಣೆಯ ಬೂದಿ ಬೆವರಿಗೆ ಮೂಗಿನ ತನಕ ಇಳಿದಿತ್ತು. ನಿನ್ನ ಎರಡೂ ಕೈ ಹಿಡಿದು ಹರಕೆ ಹೊತ್ತೆ: ಇವಳನ್ನು ಉಳಿಸಿಕೊಟ್ಟರೆ ಈಸ್ಟರ್‌ವರೆಗೆ ದಿನಕ್ಕೊಂದೇ ಹೊತ್ತು, ಬರೀ ಬ್ರೆಡ್ಡು, ನೀರು. ನೀನು "ಆಮೆನ್" ಎಂದು ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ನಾನು ಹಾಲೂಡಿಸುವವಳು ಎಂದು ನಿನಗೆ ಹೊಳೆಯಲಿಲ್ಲ. ಮೂರು ವರ್ಷ ಕಾಲೇಜಿನಲ್ಲಿ ಪೌಷ್ಟಿಕ ಆಹಾರದ ಪಾಠವನ್ನೇ ಓದಿ ಮೊದಲ ದರ್ಜೆಯಲ್ಲಿ ಪಾಸಾದ ನನಗೂ ಹೊಳೆಯಲಿಲ್ಲ, ನೋಡು! ಒಂದೇ ಗಂಟೆಯಲ್ಲಿ ಜ್ವರ ಇಳಿಯಿತು. ಆಮೇಲೆ ನಂಬದೆ ಏನು ಮಾಡಲಿ?

ಈಗ ಎದೆಹಾಲು ಬತ್ತಿಹೋಗಿದೆ. ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸಿ ಉಗಿಯುತ್ತಾಳೆ. ಇವತ್ತು ಪುಟ್ಟಿಯ ತೂಕ ಹಾಕಿದ ನರ್ಸ್ ಮುಳ್ಳನ್ನು ಎರಡೆರಡು ಸಲ ನೋಡಿ, "ಏನ್ರೀ, ನೀವು ಊಟ ಮಾಡ್ತೀರೋ, ಗಾಳಿ ಕುಡೀತೀರೋ? ಹದಿನೈದು ದಿನಕ್ಕೆ ನಾನೂರು ಗ್ರಾಂ ಇಳಿದಿದೆ" ಎಂದಳು. ನಾಳೆ ಎಂಟಕ್ಕೆ ಆಸ್ಪತ್ರೆಗೆ ಸೇರಿಸಬೇಕಂತೆ, ಮೂಗಿಗೆ ಟ್ಯೂಬ್ ಹಾಕುತ್ತಾರಂತೆ. ಅತ್ತೆ ತಟ್ಟೆ ತಂದಿಟ್ಟು, "ಆ ದೇವರಿಗೇನು ನಿನ್ನ ತುತ್ತಿನ ಮೇಲೆ ಕಣ್ಣಾ? ತಿನ್ನೇ ಹುಚ್ಚೀ" ಎಂದು ಬೈದರು, ಬೈಯುತ್ತಲೇ ಅತ್ತರು. ಪುಟ್ಟಿಯ ಅಪ್ಪ ಬೇಡಿದರು, ಗದರಿದರು, ಈಗ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ. ಇಲ್ಲಿನ ಫಾದರ್ ಕೂಡ, "ದೇವರು ಕರುಣಾಮಯಿ, ತಿನ್ನಮ್ಮಾ" ಎಂದರು. ಆದರೆ ನಾನು ಹರಕೆ ಹೊತ್ತಿದ್ದು ಅವರ ಕೈ ಹಿಡಿದಲ್ಲವಲ್ಲ.

ತಿಂದರೆ ಕೊಟ್ಟವನು ವಾಪಸ್ ಕೇಳುತ್ತಾನೆ. ತಿನ್ನದಿದ್ದರೆ ಮಗು ನನ್ನ ಮಡಿಲಲ್ಲೇ ಕರಗಿಹೋಗುತ್ತಾಳೆ. ಪ್ರಾರ್ಥನೆಗೆ ಕೂತರೆ ಖಾಲಿ ಕೋಣೆಯಲ್ಲಿ ಒಬ್ಬಳೇ ಗೊಣಗಿದಂತಾಗುತ್ತದೆ. ಆದರೂ ಹೆದರಿಕೆ ಮಾತ್ರ ಹೋಗಿಲ್ಲ ಅಣ್ಣಾ. ನಂಬಿಕೆ ಹೋದ ಮೇಲೂ ಹೆದರಿಕೆ ಉಳಿಯುತ್ತದೆಂದು ನೀನು ಯಾವ ಪ್ರವಚನದಲ್ಲೂ ಹೇಳಲಿಲ್ಲ.

ಅತ್ತೆ ನಿನ್ನನ್ನು ಕೇಳಿದ್ದಾರೆ. ಪುಟ್ಟಿಯ ತಲೆಯ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ

ತಾ.ಕ.: ಕೆಳಗೆ ವ್ಯಾನ್ ಚಾಲೂ ಆಯಿತು. ಯಾರಿಗೂ ಹೇಳದ್ದೊಂದಿದೆ. ಮಧ್ಯಾಹ್ನ ಯಾರೂ ಇಲ್ಲದಾಗ ಒಂದು ತುತ್ತು ಅನ್ನ ಬಾಯಿಗಿಟ್ಟೆ. ಅದೇ ಕ್ಷಣ ಪುಟ್ಟಿ ಕೆಮ್ಮಿದಳು. ಉಗಿದುಬಿಟ್ಟೆ. ಇದು ಇನ್ನು ನನ್ನಿಂದ ಆಗುವುದಿಲ್ಲ, ಆಮೆನ್ ಎಂದವನೇ ಬಿಡಿಸಬೇಕು. ಬೆಳಗಾಗುವುದರೊಳಗೆ ಫೋನ್ ಮಾಡು. ಮೌನ ಮುರಿದ ಪಾಪ ನನ್ನ ತಲೆಗಿರಲಿ. ಹೆಚ್ಚು ಮಾತೇನೂ ಬೇಡ, 'ತಿನ್ನು' ಅನ್ನು, ಅಷ್ಟು ಸಾಕು. ಮಾಡಣ್ಣಾ, ದಮ್ಮಯ್ಯ, ಬೆಳಗಾಗುವ ಮುಂಚೆ ಮಾಡು.