ಅರಿಶಿನ ಬಳಿದ ಮೊಟ್ಟೆಗಳು

ಬೌರಿಂಗ್‌ಪೇಟೆ, ೨೦ನೇ ಏಪ್ರಿಲ್ ೧೯೩೧

ಅನಸೂಯಾ,

ರಂಗೂನಿನಲ್ಲಿ ನೀನೆಲ್ಲಿದ್ದೀಯೋ, ವಿಳಾಸ ಗೊತ್ತಿಲ್ಲ. ಕೂರಲೂ ನಿಲ್ಲಲೂ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಿರಿಸ್ತಾನನ ಕೈ ಹಿಡಿದ ದಿನ ಬಾಗಿಲು ಹಾಕಿಕೊಂಡವನು ನಾನು. ಆದರೂ ನೀನು ಪಕ್ಕದ ಮನೆಯ ಪಾಪಕ್ಕನ ಕೈಲಿ ಹೇಳಿಕಳಿಸಿದೆ: "ಈಸ್ಟರ್ ದಿನ ಊರಿಗಾಂ ಚರ್ಚಲ್ಲಿ ಮಗೀಗೆ ಹೆಸ್ರಿಡ್ತೀವಿ. ನನ್ ಕಿವಿ ಚುಚ್ಚಿದ್ದು ಮಾವನ ತೊಡೆ ಮ್ಯಾಲೆ. ಮಗೀನೂ ಮಾವನೇ ಎತ್ಕೋಬೇಕು."

"ದಿನ ಯಾವ್ದು ಅಂತ ಕೇಳ್ಕೊಂಡು ಬರ್ಲಾ?" ಎಂದಳು ಪಾಪಕ್ಕ.

"ನಾಕ್ನೇ ಕ್ಲಾಸು ಓದಿರೋ ನಂಗೇ ಏಳ್ಕೊಡ್ತೀಯಾ? ಹೋದ್ವರ್ಷ ಏಪ್ರಿಲ್ ಇಪ್ಪತ್ತಕ್ಕೆ ಬಂದಿತ್ತು ಕಣಮ್ಮಿ!"

ಕ್ರಿಸ್‌ಮಸ್ ಇಪ್ಪತ್ತೈದು ಬಿಟ್ಟು ಕದಲುವುದಿಲ್ಲ, ಇದೂ ಹಾಗೇ ಅಂದುಕೊಂಡೆ. ಮೈಸೂರು ಮೈನ್ಸ್ ಚಿನ್ನದ ಗಣಿಯ ಇಟಲಿಯವರು ಆ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುತ್ತಾರೆ, ಇಂಗ್ಲಿಷ್ ದೊರೆಗಳು ಅದನ್ನು ತೋಟದಲ್ಲಿ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುತ್ತಾರೆ ಎಂದು ಊರಿಗೆಲ್ಲ ಹೇಳಿದೆ. ಹನ್ನೆರಡು ಮೊಟ್ಟೆ ಬೇಯಿಸಿ ಅರಿಶಿನ ಬಳಿದೆ.

ಇವತ್ತು ಹೋದರೆ ಚರ್ಚಿಗೆ ಬೀಗ. ಗಿಡಕ್ಕೆ ನೀರು ಹಾಕುತ್ತಿದ್ದ ಮಾಲಿ ನಕ್ಕ.

"ಈಸ್ಟರಬ್ಬ ಮುಗ್ದು ಎಲ್ಡು ವಾರ ಆಯ್ತಯ್ಯಾ. ಅದು ಚಂದ್ರನ್ನ ನೋಡ್ಕೊಂಡು ಬರೋದು, ನಿಮ್ ಯುಗಾದಿ ತರ ವರ್ಷಾ ವರ್ಷಾ ಜರುಗ್ತದೆ." ಬುಟ್ಟಿ ನೋಡಿ ನಗು ನಿಲ್ಲಿಸಿದ. "ಮಗೀಗೆ ಹೆಸ್ರಿಟ್ಟು ರಂಗೂನಿಗೆ ಒಂಟೋದ್ರಲ್ಲ, ಆಯಮ್ಮ ಅವತ್ತು ಮಾವ ಬತ್ತಾರೆ ಅಂತ ಬಾಗಿಲ ಕಡೇನೇ ನೋಡ್ತಿದ್ಲು. ಪಾದ್ರಿ ಎಲ್ಡು ಸಲ ಕರೀಬೇಕಾಯ್ತು. ಆ ಮಾವ ನೀವೇನಾ?"

"ನಾನಲ್ಲಪ್ಪ" ಎಂದುಬಿಟ್ಟೆ.

ಮನೆಗೆ ಬಂದು, ಮಗುವನ್ನು ಎತ್ತಿಕೊಂಡೆ, ನನ್ನ ಮೀಸೆ ಎಳೆಯಿತು ಎಂದೆಲ್ಲ ಸುಳ್ಳು ಹೇಳಿದೆ. ಎಲ್ಲರೂ ನಂಬಿದರು. ಪಾಪಕ್ಕ ಮಾತ್ರ ಹೆಸರು ಕೇಳಿದಳು. "ಇಂಗ್ಲಿಷ್ ಎಸ್ರು, ನಿನ್ ಬಾಯಿಗೆ ಬರಾಕಿಲ್ಲ" ಎಂದೆ.

ಮಗುವಿಗೆ ಏನು ಹೆಸರಿಟ್ಟೆ, ಅನಸೂಯಾ?

ನಿನ್ನ ಮಾವ,
ಕೋದಂಡಪ್ಪ