ಕಂಬಳಿಯಲ್ಲಿ ಎತ್ತಿದ ಆಮೆಮರಿಗಳು

ತುಬಚಿ,
೧೨ ಫೆಬ್ರುವರಿ ೨೦೧೫

ಉಪ್ಪುಗಾಳಿಗೆ ಕಪ್ಪಾದ ನನ್ನ ಮಗಳು ವೈಶಾಲಿಗೆ,

ನಿನ್ನವ್ವನ ಆಶೀರ್ವಾದ. ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯಲು ಹೋದೆ, ಅಷ್ಟು ಹುರುಪಿಲ್ಲ, ಅದಕ್ಕೆ ಇದ್ದೇವೆ ಎಂದಷ್ಟೇ ಬರೆದಿದ್ದೇನೆ. ಕುಲದೇವರು ಬೀರಪ್ಪ ನಿನ್ನನ್ನು ಆ ದಂಡೆಯ ಮೇಲೂ ಕಾಯುತ್ತಾನೆಂದು ನಂಬಿದ್ದೇನೆ. ಅವನಿಗೆ ಸಮುದ್ರದ ದಾರಿ ಗೊತ್ತೋ ಇಲ್ಲವೋ, ಅದು ನಿನಗೇ ಗೊತ್ತು.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ಕಡೆ ತೆರೆಯ ಸದ್ದು, ನನ್ನ ಕಡೆ ನಿನ್ನ ದೊಡ್ಡವ್ವ ಸಾತವ್ವನ ಕಿವಿ. ನಡುವೆ ಉಂಡಿಯಾ, ಆರಾಮ ಇದ್ದಿಯಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಆಮೇಲೆ ಹೇಳಬೇಕಾದದ್ದೆಲ್ಲ ರೊಟ್ಟಿ ಬಡಿಯುವಾಗ ನೆನಪಾಗುತ್ತದೆ. ಏಳನೆಯ ಇಯತ್ತೆ ಕಲಿತದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.

ನಿನ್ನ ಕಾಗದ ಹೋದ ವಾರ ಬಂತು. ನನಗೆ ತಿಳಿದದ್ದು ಇಷ್ಟು. ಪಗಾರವಿಲ್ಲದೆ ಮನಸಾರೆ ದಂಡೆಯ ಮೇಲೆ ಆಮೆ ಕಾಯ್ದವರು, ಬಂದ ಮಂದಿಗೆ ಸಮುದ್ರದ ವಿಷಯ ತಿಳಿಸಿ ಹೇಳಿದವರು, ಅಲ್ಲಿ ಕಲಿತದ್ದನ್ನು ಇನ್ನು ಮೇಲೆ ಓದಿನ ಸಮಕ್ಕೆ ಹಿಡಿಯುತ್ತಾರೆ. ಅದಕ್ಕೊಂದು ಪ್ರಮಾಣಪತ್ರ ಕೊಡುತ್ತಾರೆ. ಅದು ಸಿಕ್ಕರೆ ದಂಡೆಯ ಊರುಗಳ ಶಾಲೆಗಳಲ್ಲಿ ಮಕ್ಕಳಿಗೆ ಸಮುದ್ರದ ಪಾಠ ಹೇಳುವ ಕೆಲಸ, ಅದು ಪಗಾರದ್ದು. ಜಮಖಂಡಿ ಕಾಲೇಜಿನಲ್ಲಿ ಇಂಗ್ಲಿಷ್ ಪೇಪರಿಗೆ ಮುಗ್ಗರಿಸಿ, ಪುಸ್ತಕ ಅಟ್ಟಕ್ಕೆ ಎಸೆದು, ಚಿಗವ್ವನ ಬಾಣಂತನಕ್ಕೆಂದು ಹೊನ್ನಾವರದ ಕಡೆ ಹೋಗಿ ಅಲ್ಲೇ ಉಳಿದವಳಿಗೆ ಇದು ದೊಡ್ಡದೇ. ನನಗೆ ಸಂತೋಷವಾಗಲಿಲ್ಲ ಎಂದುಕೊಳ್ಳಬೇಡ. ಆಯಿತು. ಆದ ಮೇಲೆ ಕಾಗದವನ್ನು ಮಡಚಿ ಜೋಳದ ಡಬ್ಬಿಯ ಕೆಳಗೆ ಇಟ್ಟುಬಿಟ್ಟೆ.

ಯಾಕೆಂದರೆ ಕಾಗದದ ಕೊನೆಗೆ ನೀನು ಇಟ್ಟ ಮಾತು. ನಿಮ್ಮ ಆಮೆ ಕಾಯುವ ಸಂಘದವರಲ್ಲದ, ದಂಡೆಯವರೂ ಅಲ್ಲದ ಒಬ್ಬರ ಹೆಸರು ಕೊಡಬೇಕು, ಆಯ್ಕೆಯವರು ಅವರಿಗೆ ಫೋನು ಮಾಡಿ ಈ ಹುಡುಗಿಯಿಂದ ನೀವೇನು ಕಲಿತಿರಿ ಎಂದು ಕೇಳುತ್ತಾರೆ, ಅವರ ಮಾತಿನ ಮೇಲೆಯೇ ಹೌದೋ ಅಲ್ಲವೋ ಆಗುತ್ತದೆ. ನೀನು ನನ್ನ ಹೆಸರು ಕೊಟ್ಟಿದ್ದೀ. ಹುಬ್ಬಳ್ಳಿಯಿಂದ, ಬೆಳಗಾವಿಯಿಂದ ಬಂದು ನಿನ್ನ ಪಾಠ ಕೇಳಿ ಹೋದ ಮಾಸ್ತರರು ಎಷ್ಟು ಮಂದಿ ಇಲ್ಲ? ಅವರನ್ನೆಲ್ಲ ಬಿಟ್ಟು ಕುರಿ ಕಾಯುವ ಅವ್ವನೇ ಯಾಕೆ ಬೇಕಾಯಿತು? ಅದಕ್ಕೂ ನೀನೇ ಬರೆದಿದ್ದೀ, ಅವರೆಲ್ಲ ಹೊಗಳತಾರ, ನೀ ಖರೆ ಹೇಳಾಕಿ ಅಂತ. ಆ ಸಾಲನ್ನು ಓದಿದಾಗಿನಿಂದ ನನಗೆ ಸರಿಯಾಗಿ ಅನ್ನ ಸೇರಿಲ್ಲ.

ಈಗ ಇಲ್ಲಿಯ ಮಾತು ಕೇಳು. ರನ್ನ ಬೆಳಗಲಿಯಿಂದ ಗುರುಪಾದನ ಮನೆಯವರು ನಿನ್ನನ್ನು ಹೆಣ್ಣು ಕೇಳಿಕೊಂಡು ಎರಡನೇ ಸಲ ಬಂದು ಹೋದರು. ಹೋಳಿ ಹುಣ್ಣಿಮೆಯವರೆಗೆ ಕಾಯುತ್ತಾರಂತೆ. ಹುಡುಗ ಒಳ್ಳೆಯವನು. ಚಹಾ ಕುಡಿದ ಕಪ್ಪನ್ನು ತಾನೇ ಎತ್ತಿ ಒಳಗೆ ಇಟ್ಟ, ಸಾತವ್ವ ಇನ್ನೂ ಅದನ್ನೇ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವರದು ನೀರಾವರಿ ಹೊಲ, ಕುರಿಯ ಹಿಂದೆ ಅಲೆಯುವ ಬಾಳಲ್ಲ. ನಿನ್ನ ಅಪ್ಪನಂತೂ ಮನಸ್ಸಿನಲ್ಲೇ ಹಂದರ ಹಾಕಿಬಿಟ್ಟಿದ್ದಾನೆ. ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಬೀಡಿ ಹಚ್ಚಿಕೊಂಡು ಕೇಳಿದ.

"ಆಮಿ ಕಾಯೂದೂ ಒಂದು ಉದ್ಯೋಗೇನಲೇ ಸಿದ್ದಕ್ಕ? ನಾವು ಕಾಯೂ ಜೀವ ಹಾಲ ಕೊಡತಾವ, ಉಣ್ಣೆ ಕೊಡತಾವ. ಅವು ಏನ್ ಕೊಡತಾವ? ಹೊಳ್ಳಿ ಸೈತ ನೋಡಂಗಿಲ್ಲ," ಅಂದ.

ಹೊಳ್ಳಿ ನೋಡದಿರುವುದೇನೋ ಖರೆ ಎಂದು ಒಳಗೆ ಹೋದೆ.

ಅವನ ಮೇಲೆ ಸಿಟ್ಟಾಗಬೇಡ. ಅವನೂ ದಣಿದಿದ್ದಾನೆ. ಹೊಳೆಯಲ್ಲಿ ಹಿನ್ನೀರು ನಿಂತಾಗಿನಿಂದ ಇಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಬ್ಬಿನ ಬದುವಿಗೆ ಕುರಿ ಬಾಯಿ ಹಾಕಿದರೆ ಮಾಲಕರು ಕೋಲು ಹಿಡಿದು ಬರುತ್ತಾರೆ. ಮೊದಲು ಗೊಬ್ಬರಕ್ಕೆಂದು ನಮ್ಮ ಹೊಲದಾಗ ಕುರಿ ತರುಬರೆಪಾ ಎಂದು ಕರೆದು ಜೋಳ ಕೊಡುತ್ತಿದ್ದವರೇ ಅವರು. ನಿನ್ನ ಅಣ್ಣ ಮಾಳು ಈ ಸಲ ಮುಧೋಳ ದಾಟಿ ಇನ್ನೂ ಆಚೆ ಹೋಗಿದ್ದಾನೆ, ಮೇವಿಗಾಗಿ. ಈದ ಕುರಿಗಳಷ್ಟೇ ಇಲ್ಲಿ ಉಳಿದಿವೆ, ಮರಿ ಈಯುವ ಕಾಲ, ಕೈ ಸಾಲದು. ನನ್ನ ಮೊಣಕಾಲು ಕೂತರೆ ಏಳಗೊಡುವುದಿಲ್ಲ, ಎದ್ದರೆ ಕೂಡಗೊಡುವುದಿಲ್ಲ. ನೀನು ಇದ್ದಿದ್ದರೆ ಎಂದು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತೇನೋ. ಕೆಲಸಕ್ಕಷ್ಟೇ ಅಲ್ಲ ಮಗಳೇ. ಈ ಮನೆ ತುಂಬ ಜನರಿದ್ದಾರೆ, ಮಾತಾಡುವವರೂ ಇದ್ದಾರೆ. ನಾನು ಏನಾದರೂ ಹೇಳಿದರೆ ಮುಂದೇನಾತವ್ವಾ ಎಂದು ಕೇಳುತ್ತಿದ್ದವಳು ನೀನೊಬ್ಬಳೇ.

ಹಾಗಾಗಿ ನಿನಗೆ ಮುಚ್ಚದೆ ಹೇಳುತ್ತೇನೆ. ಫೋನು ಬಂದಾಗ ಏನು ಹೇಳಬೇಕೆಂದು ನನಗೆ ತಿಳಿದಿಲ್ಲ. ಆಕಿ ನನಗೇನೂ ಕಲಿಸಿಲ್ಲರೀ ಎಂದು ಒಂದು ಮಾತು ಅಂದರೆ ಸಾಕು, ನೀನು ಹೋಳಿಗೆ ಮನೆಯಲ್ಲಿರುತ್ತೀ. ಅಷ್ಟು ಸುಲಭ. ಹಾಗೆ ಅನ್ನಬೇಕೆಂದು ಬಾಯಿಗೂ ಬಂದು ಹೋಗಿದೆ. ಒಲೆಯ ಮುಂದೆ ಕೂತು ಒಂದು ಸಲ ಅಂದು ನೋಡಿದೆ, ದನಿ ನನ್ನದೇ ಅನ್ನಿಸಲಿಲ್ಲ.

ಎರಡು ವರ್ಷದ ಕೆಳಗೆ ನಾನು ಅಲ್ಲಿಗೆ ಬಂದದ್ದೂ ನಿನ್ನನ್ನು ಕರೆದುಕೊಂಡು ಹೋಗಲಿಕ್ಕೇ, ನೆನಪಿದೆಯಾ? ಚೀಲದಲ್ಲಿ ನಿನಗೆಂದು ರಬಕವಿಯ ಹೊಸ ಸೀರೆ ಇತ್ತು, ಅದನ್ನು ಉಡಿಸಿ ಬಸ್ಸು ಹತ್ತಿಸಬೇಕೆಂದಿದ್ದೆ. ನೀನು ನನ್ನನ್ನು ಸೀದಾ ದಂಡೆಗೆ ಕರೆದೊಯ್ದೆ. ಉಸುಕಿನಲ್ಲಿ ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ, ಒಳಗೆ ಏನೂ ಕಾಣದ ಜಾಗವನ್ನು ನಾಯಿ ಬರದಂತೆ ನೀವೆಲ್ಲ ಕಾಯುತ್ತಾ ಕೂತಿದ್ದಿರಿ. ಇದು ನಮ್ಮ ಕುರಿ ದಡ್ಡಿ ಅಲ್ಲವೇನವ್ವಾ ಎಂದೆ ನಾನು, ಕುರಿ ಎಲ್ಲಿ? ತತ್ತಿ ಒಳಗವ, ಉಸುಕಿನ ಬುಡಕ, ಎಂದು ನೀನು ನಕ್ಕೆ. ಕಾಯುವ ಕೆಲಸ ನನಗೇನು ಹೊಸದಲ್ಲ. ಎರಡು ದಿನಕ್ಕೆಂದು ಬಂದವಳು ನಿನ್ನ ಚಿಗವ್ವ ಶಿವಗಂಗವ್ವನ ಮನೆಯಲ್ಲೇ ಉಳಿದುಬಿಟ್ಟೆ.

ಆಮೇಲೆ ಆ ಬೆಳಗು. ಉಸುಕು ಕುದಿಯುವ ಅಂಬಲಿಯ ಹಾಗೆ ಅಲುಗಾಡಿ, ಒಳಗಿಂದ ಅಂಗೈಗಿಂತ ಸಣ್ಣ ಜೀವಗಳು ಬಂದವು. ಮೇಲೆ ಹದ್ದು ಸುತ್ತುತ್ತಿತ್ತು. ನೀರು ಅಷ್ಟು ದೂರ. ಹುಟ್ಟಿದ ಮರಿ ನಡೆಯಲಾರದಿದ್ದರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೆಗಲ ಕಂಬಳಿ ಬಿಚ್ಚಿ ಜೋಳಿಗೆ ಮಾಡಿ, ಕೈಗೆ ಸಿಕ್ಕಷ್ಟು ಮರಿ ಬಾಚಿ ಹಾಕಿಕೊಂಡು ನೀರಿನ ಕಡೆ ಓಡಿದೆ. ಆಗ ನಿನಗೆ ಬಂದ ಸಿಟ್ಟು! ಹುಟ್ಟಿದಾಗಿನಿಂದ ನನ್ನೆದುರು ದನಿ ಎತ್ತಿದವಳಲ್ಲ ನೀನು.

"ಯವ್ವಾ, ಇಳಸಬೇ! ಅವು ನಡೀಬೇಕು!"

"ಹದ್ದು ಒಯ್ಯತಾವಲೇ, ಸಾಯತಾವ!" ಅಂದೆ ನಾನು.

"ಹದ್ದು ನಾವು ಓಡಸೂಣು. ಎತ್ತೂದು ಬ್ಯಾಡ. ಈ ಉಸುಕಿನ ಗುರ್ತು ಹಿಡಕೊಂಡು ಹೋಗಬೇಕವು. ಎತ್ತಿಕೊಂಡು ಒಯ್ದರ ನಾಳೆ ಈ ದಂಡಿಗೆ ಹೊಳ್ಳಿ ಹೆಂಗ ಬರತಾವ?"

ಎಲ್ಲರ ಎದುರಿಗೆ ನೀನು ಹಾಗಂದೆ. ಮುಖ ಸಣ್ಣದಾಯಿತು ನನ್ನದು. ಒಂದೊಂದಾಗಿ ಇಳಿಸಿದೆ. ಅವು ನಡೆದವು, ಏನು ನಡೆಯುವುದೋ ಅದು, ಎರಡು ಹೆಜ್ಜೆ ಇಟ್ಟು ಒಂದು ಗಳಿಗೆ ಸುಸ್ತು. ನಾನು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಕೂತೆ, ಕೈ ತಾನಾಗಿ ಮುಂದೆ ಹೋಗುತ್ತಿತ್ತಲ್ಲ, ಅದಕ್ಕೆ. ಒಂದು ಮರಿ ನಾನು ಓಡುವಾಗ ತುಳಿದ ಹೆಜ್ಜೆಯ ಕುಣಿಯಲ್ಲಿ ಬಿದ್ದು ಮೇಲೆ ಬರಲಾರದೆ ಒದ್ದಾಡಿತು. ಮತ್ತೆ ಕೈ ಚಾಚಿದೆ. ನೀನು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ, "ಅದನ್ನ ಮುಟ್ಟಬ್ಯಾಡವ್ವಾ. ನಿನ್ನ ಹೆಜ್ಜಿ ಕುಣಿ ಮುಚ್ಚು, ಸಾಕು." ಕುಣಿಯ ಅಂಚಿನ ಉಸುಕನ್ನು ಬೆರಳಿಂದ ಇಳಿಜಾರು ಮಾಡಿದೆವು. ಅದು ತಾನಾಗಿ ಏರಿ ಹೋಯಿತು. ನೀರು ಬಂದು ಒಯ್ದಿತು. ನಾನು ಯಾಕೆ ಅತ್ತೆನೆಂದು ಆವತ್ತು ನೀನು ಕೇಳಲಿಲ್ಲ, ಒಳ್ಳೆಯದಾಯಿತು.

ಆಮೇಲೆ ನಾನೊಬ್ಬಳೇ ಬಸ್ಸು ಹತ್ತಿದೆ. ಸೀರೆ ಶಿವಗಂಗವ್ವನಿಗೆ ಕೊಟ್ಟೆ. ಮಗಳು ಎಲ್ಲಿ ಎಂದು ಊರು ಕೇಳಿದಾಗ ರಜೆ ಇಲ್ಲಂತ ಎಂದು ಸುಳ್ಳು ಹೇಳಿದೆ, ಪಗಾರವೇ ಇಲ್ಲದವಳಿಗೆ ರಜೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ ಪುಣ್ಯಕ್ಕೆ.

ಇದನ್ನೆಲ್ಲ ಯಾಕೆ ಬರೆದೆ? ಬೇರೆ ಏನೋ ಬರೆಯಲು ಕೂತವಳು. ನೀನು ಬಾ ಎಂದು ಬರೆಯಬೇಕೆಂದಿದ್ದೆ. ಬಾ ಎಂದೇ ಬರೆಯುತ್ತೇನೆ, ನಾನು ಅವ್ವ, ಅದನ್ನು ಬರೆಯದೆ ಇರಲಾರೆ. ಆದರೆ ನೀನು ಓದಿ ಸುಮ್ಮನಿರು. ಇಲ್ಲಿ ಸಂಜೆಯಾಗುತ್ತಿದೆ, ಮರಿಗಳು ತಾಯಿಗಾಗಿ ಒದರುತ್ತಿವೆ, ಕುರಿ ಇನ್ನೂ ಬಂದಿಲ್ಲ. ಏಳಬೇಕು. ಏಳುವುದೇ ಒಂದು ದೊಡ್ಡ ಕೆಲಸವಾಗಿದೆ.

ಚಿಗವ್ವನಿಗೂ ಕೂಸಿಗೂ ಕೇಳಿದೆನೆಂದು ಹೇಳು. ಎಣ್ಣೆ ಹಚ್ಚಿಕೊಳ್ಳುತ್ತಾ ಇರು, ನಿನ್ನ ಕೂದಲು ಹೋದ ಸಲವೇ ತೆಂಗಿನ ನಾರಾಗಿತ್ತು.

ನಿನ್ನ ದಾರಿ ನೋಡುವ, ನೋಡಿದೆನೆಂದು ಹೇಳಿಕೊಳ್ಳದ,
ಅವ್ವ
ಸಿದ್ದಕ್ಕ

ತಾ.ಕ.: ಮೇಲೆ ಫೋನು ಬಂದಾಗ ಏನು ಹೇಳಬೇಕೋ ತಿಳಿದಿಲ್ಲ ಎಂದು ಬರೆದದ್ದು ಸುಳ್ಳು. ಫೋನು ಮೊನ್ನೆಯೇ ಬಂದಿತ್ತು. ನಿನ್ನನ್ನು ಸ್ವಲ್ಪ ಹೆದರಿಸಬೇಕು ಅನ್ನಿಸಿತು, ಅಷ್ಟು ಹಕ್ಕಾದರೂ ನನಗಿರಲಿ. ಆಯ್ಕೆಯವರ ಕಡೆಯ ಒಬ್ಬ ಹೆಣ್ಣುಮಗಳು ಮಾತಾಡಿದರು, ದನಿ ಮೆತ್ತಗಿತ್ತು. ನಿಮ್ಮ ಮಗಳು ನಿಮಗೇನು ಕಲಿಸಿದರು ಎಂದು ಕೇಳಿದರು. ನಾನು ಹೇಳಿದೆ, "ಮರಿ ಎತ್ತೂದು ನನಗ ಮೊದಲ ಬರತಿತ್ತರಿ. ಎತ್ತದ ಸುಮ್ಮನ ಕೂಡೂದು ಆಕಿ ಕಲಿಸಿದ್ಳು. ಎತ್ತಬ್ಯಾಡ, ನಿನ್ನ ಹೆಜ್ಜಿ ಕುಣಿ ಮುಚ್ಚು ಅಂದ್ಳು." ಅವರು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಆಮೇಲೆ, ಸಾಕವ್ವಾ, ಇಷ್ಟೇ ಬೇಕಿತ್ತು ಎಂದರು. ಬೆಳಗಲಿಯವರಿಗೆ ನಿನ್ನೆ ನಾನೇ ಹೇಳಿಕಳಿಸಿದೆ, ಹೋಳಿಯವರೆಗೆ ಕಾಯಬೇಡಿರೆಂದು. ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ. ಅದೊಂದು ಕುಣಿ ಉಳಿದಿದೆ, ಮುಚ್ಚುತ್ತೇನೆ. ನೀನು ನಡಿ.